ಸಾಮಾನ್ಯ ಮಾನಸಿಕ ಕಾಯಿಲೆಗಳು

ಖಿನ್ನತೆ, ಆತಂಕ, ಪ್ಯಾನಿಕ್, ಅತಿಭಯ, ಗೀಳು ಮತ್ತು ಮನಸ್ಸಿನ ಸಂಕಟ ದೇಹದ ನೋವಾಗಿ ಕಾಣಿಸಿಕೊಳ್ಳುವ ಕೆಲವು ತೊಂದರೆಗಳನ್ನು ಒಟ್ಟಾಗಿ ಸಾಮಾನ್ಯ ಮಾನಸಿಕ ಕಾಯಿಲೆಗಳು ಎಂದು ಕರೆಯುತ್ತಾರೆ. ಸ್ಕಿಜೋಫ್ರೇನಿಯಾ, ಬೈಪೋಲಾರ್ ಕಾಯಿಲೆಯಂಥ ತೀವ್ರ ಸ್ವರೂಪದವುಗಳಿಂದ ಇವನ್ನು ಬೇರೆಯಾಗಿಟ್ಟು ನೋಡುವುದು ವೈದ್ಯರ ರೂಢಿ. ಇವುಗಳಿಂದ ನರಳುವವರಿಗೆ ವಾಸ್ತವದ ಅರಿವು ಸಾಮಾನ್ಯವಾಗಿ ತಪ್ಪಿರುವುದಿಲ್ಲ. ಮನೆ, ಕೆಲಸ, ವ್ಯವಹಾರ ಎಲ್ಲವನ್ನೂ ಹೇಗೋ ನಡೆಸಿಕೊಂಡು ಹೋಗುತ್ತಿರುತ್ತಾರೆ. ಆದ್ದರಿಂದಲೇ ಇದು ಕಾಯಿಲೆ ಎಂದು ಅವರಿಗೂ ಸುತ್ತಲಿನವರಿಗೂ ಗೊತ್ತಾಗುವುದು ತಡ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನ ಸುಮಾರು 97 ಕೋಟಿ ಜನರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಅವರಲ್ಲಿ ಆತಂಕದ ಕಾಯಿಲೆಯವರು ಸುಮಾರು 30 ಕೋಟಿ, ಖಿನ್ನತೆಯವರು 28 ಕೋಟಿ. ಸ್ಕಿಜೋಫ್ರೇನಿಯಾ ಇದ್ದವರು 2.4 ಕೋಟಿ. ‘ಹುಚ್ಚು’ ಎಂದೊಡನೆ ಕಣ್ಣಮುಂದೆ ಬರುವ ಚಿತ್ರಕ್ಕೂ ಈ ದೊಡ್ಡ ಪಾಲಿನ ರೋಗಿಗಳಿಗೂ ಸಂಬಂಧವೇ ಇಲ್ಲ.

ಭಾರತದ ಮಟ್ಟಿಗೆ ನೆಚ್ಚಬಹುದಾದ ಲೆಕ್ಕ ಸಿಗುವುದು ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಿಂದ. ಅದರ ಪೂರ್ವಭಾವಿ ಅಧ್ಯಯನ ನಡೆದದ್ದು ಕೋಲಾರ ಜಿಲ್ಲೆಯಲ್ಲಿ. ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಸಮೀಕ್ಷೆಯ ವೇಳೆಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಇಪ್ಪತ್ತರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಯನ್ನು ಹಾದುಬಂದಿದ್ದರು. ಇದಕ್ಕಿಂತ ಕಳವಳದ ಸಂಗತಿ ಇನ್ನೊಂದಿದೆ: ಸಾಮಾನ್ಯ ಮಾನಸಿಕ ಕಾಯಿಲೆ ಇದ್ದವರಲ್ಲಿ ಶೇ 85ರಷ್ಟು ಮಂದಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ಔಷಧವಿದೆ, ಅದು ದುಬಾರಿಯೂ ಅಲ್ಲ. ಆದರೂ ಅಷ್ಟು ಜನ ಹೊರಗೇ ಉಳಿಯುತ್ತಾರೆ ಎಂದರೆ ಕಾಯಿಲೆಯನ್ನು ಕಾಯಿಲೆಯೆಂದು ಗುರುತಿಸುವಲ್ಲೇ ನಾವು ಸೋಲುತ್ತಿದ್ದೇವೆ.

ಮೈಯ ಮೂಲಕ ಹೇಳಿಕೊಳ್ಳುವ ನೋವು

‘ನನಗೆ ಮನಸ್ಸಿನ ಕಾಯಿಲೆ’ ಎಂದು ಹೇಳಿಕೊಂಡು ಆಸ್ಪತ್ರೆಗೆ ಬರುವವರು ನಮ್ಮಲ್ಲಿ ಕಡಿಮೆ. ಬರುವುದು ತಲೆಭಾರಕ್ಕೆ, ಮೈಕೈ ನೋವಿಗೆ, ಎದೆ ಡವಡವ ಹೊಡೆದುಕೊಳ್ಳುವುದಕ್ಕೆ, ಅಂಗಾಲು ಉರಿಗೆ, ಎಷ್ಟು ಮಲಗಿದರೂ ಹೋಗದ ಸುಸ್ತಿಗೆ. ಹೊಟ್ಟೆಯ ಸಂಕಟವಾದರೆ ಅದಕ್ಕೆ ‘ಗ್ಯಾಸ್ಟ್ರಿಕ್’ ಎಂಬ ಹೆಸರು ಸಿದ್ಧವಾಗಿಯೇ ಇದೆ. ಬಿ ಕಾಂಪ್ಲೆಕ್ಸ್ ಇಂಜೆಕ್ಷನ್, ಒಂದು ಬಾಟಲಿ ಗ್ಲೂಕೋಸ್ ಆಗುತ್ತದೆ; ನಾಲ್ಕು ದಿನ ಹಗುರ, ಮತ್ತೆ ಮೊದಲಿನ ಹಾಗೆ. ರಕ್ತಪರೀಕ್ಷೆ, ಇಸಿಜಿ, ಸ್ಕ್ಯಾನಿಂಗ್ ಎಲ್ಲ ಮುಗಿದ ಮೇಲೆ ‘ಎಲ್ಲ ನಾರ್ಮಲ್, ನಿಮಗೇನೂ ಇಲ್ಲ’ ಎಂಬ ಮಾತು. ಆ ಮಾತಿನಿಂದ ರೋಗಿಗೆ ನೆಮ್ಮದಿ ಸಿಗುವುದಿಲ್ಲ, ಅವಮಾನವಾಗುತ್ತದೆ. ಏಕೆಂದರೆ ನೋವು ನಿಜವಾದದ್ದೇ. ಮನಸ್ಸಿನ ಸ್ಥಿತಿಯನ್ನು ಹದದಲ್ಲಿಡುವ ಸೆರಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳೇ ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳನ್ನು ತಗ್ಗಿಸುವ ಕೆಲಸವನ್ನೂ ಮಾಡುತ್ತವೆ. ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್‌ನಂಥ ಖಿನ್ನತೆಯ ಮಾತ್ರೆಗಳನ್ನು ನರಗಳ ನೋವಿಗೂ ಕೊಡುವುದು ಇದೇ ಕಾರಣಕ್ಕೆ.

ವೈದ್ಯರು ಇನ್ನೊಂದು ದಿಕ್ಕಿನ ಎಚ್ಚರವನ್ನೂ ಬಿಡುವಂತಿಲ್ಲ. ಥೈರಾಯ್ಡ್ ಕಡಿಮೆಯಾದರೆ ಅಚ್ಚು ಖಿನ್ನತೆಯಂತೆಯೇ ಕಾಣುತ್ತದೆ, ಹೆಚ್ಚಾದರೆ ಆತಂಕದಂತೆ. ರಕ್ತಹೀನತೆ ಮತ್ತು ಬಿ12 ಕೊರತೆಯಿಂದಲೂ ಮಂಕು ಕವಿಯುತ್ತದೆ. ಮೊದಲ ಸಲ ಬಂದವರಿಗೆ ಈ ಪರೀಕ್ಷೆಗಳನ್ನು ಮಾಡಿಸಲೇಬೇಕು.

ಹದಿಹರೆಯ ದಾಟಿದ ಹುಡುಗರು ವೀರ್ಯ ನಷ್ಟದಿಂದ ಶಕ್ತಿಯೆಲ್ಲ ಸೋರಿಹೋಗುತ್ತಿದೆ ಎಂದು ಹೆದರಿ, ಸುಸ್ತು, ನಿದ್ರಾಹೀನತೆ, ತಪ್ಪಿತಸ್ಥ ಭಾವಗಳಿಂದ ಕುಗ್ಗುವುದನ್ನು ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಸಿದರು. ಗೋಡೆಬರಹದ ‘ಗುಪ್ತರೋಗ’ ಜಾಹೀರಾತುಗಳು ಬದುಕಿರುವುದೇ ಈ ಹೆದರಿಕೆಯ ಮೇಲೆ. ಇಲ್ಲಿ ಧಾತುವಿಗೆ ಏನೂ ಆಗಿರುವುದಿಲ್ಲ. ಹುಡುಗನಿಗಿರುವುದು ಆತಂಕ ಅಥವಾ ಖಿನ್ನತೆ, ಮತ್ತು ಯಾರೂ ತಿದ್ದದೆ ಬಿಟ್ಟ ಒಂದು ತಪ್ಪು ತಿಳಿವಳಿಕೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಗೆ ಮೈಮೇಲೆ ಬರುವುದು, ಹಲ್ಲು ಕಚ್ಚಿ ಬೀಳುವುದು, ಇದ್ದಕ್ಕಿದ್ದಂತೆ ಮಾತು ನಿಂತುಹೋಗುವುದು ಇನ್ನೊಂದು ಬಗೆ. ‘ಗಾಳಿ ಸೋಕಿದೆ’ ಎಂದು ಮನೆಯವರು ಗಾಣಗಾಪುರಕ್ಕೋ ಊರಿನ ಮಂತ್ರವಾದಿಯ ಬಳಿಗೋ ಕರೆದೊಯ್ಯುತ್ತಾರೆ. ಬಾಯಿಬಿಟ್ಟು ಹೇಳಿಕೊಳ್ಳಲು ಜಾಗವಿಲ್ಲದ ಸಂಕಟ ಹೀಗೆ ಹೊರಬರುತ್ತದೆ; ಆಕೆ ನಾಟಕವಾಡುತ್ತಿರುವುದಿಲ್ಲ. ಮೂರ್ಛೆರೋಗ ಅಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ವೈದ್ಯರು ಆಕೆಯನ್ನು ಒಬ್ಬಳೇ ಕೂರಿಸಿಕೊಂಡು ಮಾತಾಡಿಸುವುದರಿಂದ ಚಿಕಿತ್ಸೆ ಶುರುವಾಗುತ್ತದೆ.

ಖಿನ್ನತೆ

ದುಃಖ ಎಲ್ಲರಿಗೂ ಬರುತ್ತದೆ. ಹತ್ತಿರದವರು ತೀರಿಕೊಂಡಾಗ ಅದು ಅಲೆಯಲೆಯಾಗಿ ಬಂದು ಹೋಗುತ್ತದೆ. ನಡುವೆ ಮಗುವಿನ ಮಾತಿಗೆ ನಗು ಬರುತ್ತದೆ, ಊಟ ರುಚಿಸುತ್ತದೆ. ಖಿನ್ನತೆಯಲ್ಲಿ ಆ ನಡುವಿನ ಬಿಡುವು ಇರುವುದಿಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ ಹತ್ತು ಲಕ್ಷಣಗಳನ್ನು ಪಟ್ಟಿಮಾಡುತ್ತದೆ: ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಏಕಾಗ್ರತೆ ತಪ್ಪುವುದು, ತಾನು ಪ್ರಯೋಜನವಿಲ್ಲದವನು ಅಥವಾ ತಪ್ಪಿತಸ್ಥ ಎಂಬ ಭಾವನೆ, ಮುಂದೆ ಏನೂ ಒಳ್ಳೆಯದಾಗದು ಎಂಬ ನಿರಾಶೆ, ಸಾವಿನ ಯೋಚನೆ, ನಿದ್ದೆಯ ವ್ಯತ್ಯಾಸ, ಹಸಿವಿನ ವ್ಯತ್ಯಾಸ, ಚಡಪಡಿಕೆ ಅಥವಾ ನಿಧಾನಗತಿ, ಸುಸ್ತು. ಇವುಗಳಲ್ಲಿ ಮೊದಲ ಎರಡರಲ್ಲಿ ಒಂದಾದರೂ ಸೇರಿದಂತೆ ಕನಿಷ್ಠ ಐದು ಲಕ್ಷಣಗಳು ಎರಡು ವಾರಗಳ ಕಾಲ ದಿನದ ಬಹುಹೊತ್ತು ಇದ್ದು, ದಿನಬಳಕೆಯ ಬದುಕಿಗೆ ತೊಡಕಾಗುತ್ತಿದ್ದರೆ ಅದು ಖಿನ್ನತೆ.

ಪಟ್ಟಿಯಲ್ಲಿ ಕಾಣದ ಕೆಲವು ಗುರುತುಗಳು ಅನುಭವಿ ವೈದ್ಯರಿಗೆ ಗೊತ್ತಿರುತ್ತವೆ. ನಸುಕಿನ ಮೂರು, ನಾಲ್ಕು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತುವುದಿಲ್ಲ. ಬೆಳಗಿನ ಹೊತ್ತು ಅತ್ಯಂತ ಕಷ್ಟದ್ದು, ಸಂಜೆಯ ಹೊತ್ತಿಗೆ ತುಸು ಹಗುರ. ಸ್ನಾನಕ್ಕೆ ಏಳುವುದೂ ಬೆಟ್ಟ ಹತ್ತಿದಂತೆ. ಹಿಂದಿನ ಸಣ್ಣಪುಟ್ಟ ತಪ್ಪುಗಳೆಲ್ಲ ಎದ್ದು ಬಂದು ಚುಚ್ಚುತ್ತವೆ. ಗಂಡಸರಲ್ಲಿ ಇದು ಎಷ್ಟೋ ಸಲ ಸಿಡುಕು ಮತ್ತು ಕುಡಿತದ ರೂಪದಲ್ಲಿ ಕಾಣಿಸಿಕೊಂಡರೆ, ವಯಸ್ಸಾದವರಲ್ಲಿ ಮರೆವಿನಂತೆ ತೋರುತ್ತದೆ. ‘ಅರಳುಮರಳು’ ಎಂದು ಮೂಲೆಗೆ ಸರಿಸಿದ ಅಜ್ಜಿಯೊಬ್ಬಳು ಖಿನ್ನತೆಯ ಚಿಕಿತ್ಸೆಯಿಂದ ಮತ್ತೆ ಮನೆಯ ಲೆಕ್ಕ ಹೇಳುವಂತಾಗಬಹುದು. ‘ಸೋಮಾರಿ’, ‘ಅಹಂಕಾರಿ’, ‘ಯಾರೊಂದಿಗೂ ಸೇರುವುದಿಲ್ಲ’ ಎಂದು ಮನೆಯವರು ಸ್ವಭಾವಕ್ಕೆ ಹಚ್ಚುವ ಹಣೆಪಟ್ಟಿಗಳ ಹಿಂದೆ ಎಷ್ಟೋ ವರ್ಷಗಳ ಕಾಯಿಲೆ ಅಡಗಿರುತ್ತದೆ.

ಬಾಣಂತನದ ಖಿನ್ನತೆಗೆ ಪ್ರತ್ಯೇಕ ಗಮನ ಬೇಕು. ಹೆರಿಗೆಯಾದ ಮೂರು, ನಾಲ್ಕನೇ ದಿನದ ಹೊತ್ತಿಗೆ ಕಾರಣವಿಲ್ಲದೆ ಅಳು ಬರುವುದು ಬಹಳ ತಾಯಂದಿರಲ್ಲಿ ಉಂಟು. ಅದು ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಹೋಗದೆ ಉಳಿದು, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದೆ, ಮಗುವಿನ ಮೇಲೆ ಮಮತೆಯೇ ಹುಟ್ಟುತ್ತಿಲ್ಲವೆಂದು ಆಕೆ ಒಳಗೊಳಗೇ ನಾಚುತ್ತಿದ್ದರೆ ಅದು ಖಿನ್ನತೆ. ಬಾಣಂತಿ ಸನ್ನಿ ಎಂದು ಹಳಬರು ಕರೆಯುತ್ತಿದ್ದದ್ದು ಇದಕ್ಕಿಂತ ತೀವ್ರವಾದದ್ದು. ಬಾಣಂತಿಗೆ ಇಲ್ಲದ ದನಿಗಳು ಕೇಳಿಸುತ್ತವೆ, ಸಂಶಯ, ಗೊಂದಲ ತುಂಬುತ್ತದೆ, ತಾಯಿ ಮತ್ತು ಮಗು ಇಬ್ಬರಿಗೂ ಅಪಾಯವಿರುತ್ತದೆ. ಅದೇ ದಿನ ಆಸ್ಪತ್ರೆಗೆ ಸೇರಿಸಬೇಕಾದ ತುರ್ತು ಅದು. ತಾಯಿಯನ್ನೂ ಮಗುವನ್ನೂ ಬೇರ್ಪಡಿಸದೆ ಒಟ್ಟಿಗೆ ದಾಖಲಿಸಿಕೊಂಡು ಚಿಕಿತ್ಸೆ ಕೊಡುವ ಘಟಕವನ್ನು ನಿಮ್ಹಾನ್ಸ್ 2009ರಲ್ಲಿ ತೆರೆಯಿತು.

ಆತಂಕ, ಪ್ಯಾನಿಕ್, ಅತಿಭಯ

ಮಗಳು ಕಾಲೇಜಿನಿಂದ ಬರುವುದು ಹತ್ತು ನಿಮಿಷ ತಡವಾದರೆ ಅಪಘಾತ, ಫೋನ್ ರಿಂಗಾದರೆ ಸಾವಿನ ಸುದ್ದಿ, ಕೆಮ್ಮಿದರೆ ಕ್ಯಾನ್ಸರ್ ಎಂದು ಮನಸ್ಸು ಯಾವಾಗಲೂ ಕೆಟ್ಟದ್ದರ ಕಡೆಗೇ ಓಡುವುದು ಸಾರ್ವತ್ರಿಕ ಆತಂಕದ ಕಾಯಿಲೆಯ ಗುರುತು. ತಿಂಗಳುಗಟ್ಟಲೆ ಹೀಗೇ ಇರುತ್ತದೆ. ಕುತ್ತಿಗೆ, ಭುಜ ಬಿಗಿದಿರುತ್ತವೆ. ರಾತ್ರಿ ಹಾಸಿಗೆಗೆ ಹೋದ ಮೇಲೆ ಯೋಚನೆಗಳ ಸಾಲು ಶುರುವಾಗುತ್ತದೆ. ‘ಸುಮ್ಮನೆ ಯೋಚನೆ ಮಾಡ್ತೀಯ’ ಎಂದು ಮನೆಯವರು ಗದರಿದರೆ, ಅದು ತನಗೂ ಗೊತ್ತು, ನಿಲ್ಲಿಸಲಾಗುತ್ತಿಲ್ಲ ಎಂಬುದೇ ಆ ವ್ಯಕ್ತಿಯ ಉತ್ತರ.

ಪ್ಯಾನಿಕ್ ಇದಕ್ಕಿಂತ ಬೇರೆ. ತುಂಬಿದ ಬಸ್ಸಿನಲ್ಲಿ ನಿಂತ ಮೂವತ್ತರ ಒಬ್ಬ ಆರೋಗ್ಯವಂತ ಯುವಕನನ್ನು ಕಲ್ಪಿಸಿಕೊಳ್ಳಿ. ಯಾವ ಮುನ್ಸೂಚನೆಯೂ ಇಲ್ಲದೆ ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ. ಉಸಿರು ಸಾಲುತ್ತಿಲ್ಲ ಎನ್ನಿಸಿ ಆತ ಬೇಗಬೇಗ ಉಸಿರೆಳೆಯುತ್ತಾನೆ. ಹಾಗೆ ಎಳೆದಷ್ಟೂ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳ ತುದಿ, ತುಟಿಯ ಸುತ್ತ ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ. ಇದು ಹಾರ್ಟ್ ಅಟ್ಯಾಕ್, ನಾನಿನ್ನು ಉಳಿಯುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಆ ಹೆದರಿಕೆಯಿಂದ ಅಡ್ರಿನಲಿನ್ ಇನ್ನಷ್ಟು ಏರುತ್ತದೆ. ಕೆಲವೇ ನಿಮಿಷಗಳಲ್ಲಿ ಇದು ತುತ್ತತುದಿ ಮುಟ್ಟಿ, ಬಳಿಕ ಮೆಲ್ಲಗೆ ಇಳಿಯುತ್ತದೆ. ಅಷ್ಟರಲ್ಲಿ ಆತ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿರುತ್ತಾನೆ, ಇಸಿಜಿ ಸರಿಯಾಗಿರುತ್ತದೆ. ನಿಜವಾದ ತೊಂದರೆ ಆಮೇಲಿನದ್ದು. ಮತ್ತೆ ಬಂದರೆ ಎಂಬ ಭಯದಲ್ಲಿ ಮೊದಲು ಆ ಬಸ್ಸು, ನಂತರ ಎಲ್ಲ ಬಸ್ಸುಗಳು, ಸಂತೆ, ಸಿನಿಮಾ ಮಂದಿರ, ಮದುವೆ ಮನೆ ಒಂದೊಂದಾಗಿ ಕೈಬಿಟ್ಟುಹೋಗುತ್ತವೆ. ಕೊನೆಗೆ ಹೆಂಡತಿಯೋ ಅಣ್ಣನೋ ಜೊತೆಗಿಲ್ಲದೆ ಹೊಸ್ತಿಲು ದಾಟಲಾಗದ ಸ್ಥಿತಿಗೆ ಬಂದವರಿದ್ದಾರೆ.

ನಾಯಿ, ಎತ್ತರ, ಸೂಜಿ, ರಕ್ತ ಇವುಗಳ ಬಗೆಗಿನ ಅತಿಭಯಗಳು ಹೆಚ್ಚಾಗಿ ಚಿಕ್ಕಂದಿನಲ್ಲೇ ಶುರುವಾಗುತ್ತವೆ. ನಾಲ್ಕು ಜನರೆದುರು ಮಾತಾಡಲು, ಉಣ್ಣಲು, ಸಹಿ ಹಾಕಲು ಕೈನಡುಗುವ ಸಾಮಾಜಿಕ ಭಯ ಹದಿಹರೆಯದ್ದು. ಅದನ್ನು ನಾಚಿಕೆ ಸ್ವಭಾವವೆಂದು ಹೊಗಳುವವರೂ ಇರುವುದರಿಂದ, ಓದಿನಲ್ಲಿ ಮುಂದಿದ್ದ ಎಷ್ಟೋ ಹುಡುಗಿಯರು ಸಂದರ್ಶನದ ಬಾಗಿಲಿನಿಂದ ಹಿಂದಿರುಗುತ್ತಾರೆ.

ಗೀಳು

ಗೀಳಿನಲ್ಲಿ ಎರಡು ಭಾಗ. ಬೇಡವೆಂದರೂ ಒಳನುಗ್ಗುವ ಯೋಚನೆ ಒಂದು, ಆ ಯೋಚನೆ ಹುಟ್ಟಿಸುವ ತಳಮಳವನ್ನು ತಗ್ಗಿಸಲು ಮಾಡಲೇಬೇಕೆನಿಸುವ ಕ್ರಿಯೆ ಇನ್ನೊಂದು. ಕೈ ತೊಳೆಯುವುದು, ಬೀಗ ಎಳೆದು ನೋಡುವುದು, ಗ್ಯಾಸ್ ನಾಬ್ ಪರೀಕ್ಷಿಸುವುದು ಎಲ್ಲರಿಗೂ ಗೊತ್ತಿರುವ ರೂಪಗಳು. ಗೊತ್ತಿಲ್ಲದವು ಇನ್ನೂ ಕ್ರೂರ. ದೇವರ ಮುಂದೆ ನಿಂತಾಗಲೇ ಅಶ್ಲೀಲ ಬೈಗುಳ ಮನಸ್ಸಿಗೆ ಬರುವುದು, ತರಕಾರಿ ಹೆಚ್ಚುವ ತಾಯಿಗೆ ಇದೇ ಚಾಕುವಿನಿಂದ ಮಗುವಿಗೆ ಏನಾದರೂ ಮಾಡಿಬಿಟ್ಟರೆ ಎಂಬ ಚಿತ್ರ ಬರುವುದು ಅಂಥವು. ಇಂಥ ಯೋಚನೆ ಬಂದವರು ಅದರಿಂದ ನಡುಗಿಹೋಗುತ್ತಾರೆ. ಹಾಗೆ ನಡುಗುವುದೇ ಅವರು ಅದನ್ನು ಬಯಸುತ್ತಿಲ್ಲ ಎಂಬುದಕ್ಕೆ ಸಾಕ್ಷಿ. ಅಪರಾಧಿಯಂತೆ ಬಚ್ಚಿಟ್ಟುಕೊಂಡು ಹತ್ತಾರು ವರ್ಷ ಕಳೆಯುವ ಬದಲು ವೈದ್ಯರ ಬಳಿ ಒಮ್ಮೆ ಹೇಳಿಕೊಂಡರೆ ಅರ್ಧ ಭಾರ ಇಳಿಯುತ್ತದೆ. ಮಡಿ, ಮೈಲಿಗೆಯ ರೂಢಿ ಇರುವ ಮನೆಗಳಲ್ಲಿ ಗೀಳು ಭಕ್ತಿಯ ವೇಷ ತೊಟ್ಟು ಬಹುಕಾಲ ಸಿಕ್ಕಿಬೀಳದೆ ಉಳಿಯುತ್ತದೆ. ಬೆಳಗಿನ ಪೂಜೆ ಮಧ್ಯಾಹ್ನ ಮೂರಕ್ಕೂ ಮುಗಿಯದಿದ್ದಾಗ ಮಾತ್ರ ಯಾರಿಗಾದರೂ ಅನುಮಾನ ಬರುತ್ತದೆ.

ಇದಕ್ಕೆ ಅತ್ಯಂತ ಪರಿಣಾಮಕಾರಿಯಾದ ಮನೋಚಿಕಿತ್ಸೆಯ ಬೇರು ಇಂಗ್ಲೆಂಡಿನ ವಿಕ್ಟರ್ ಮೇಯರ್ 1966ರಲ್ಲಿ ಪ್ರಕಟಿಸಿದ ವಿಧಾನದಲ್ಲಿದೆ. ಕೊಳೆಯ ಗೀಳಿರುವ ಮಹಿಳೆಗೆ ಚಿಕಿತ್ಸಕಿ ಬಾಗಿಲ ಚಿಲಕ ಮುಟ್ಟಿಸುತ್ತಾರೆ, ಮತ್ತು ಕೈ ತೊಳೆಯದೆ ಕೂರಿಸುತ್ತಾರೆ. ತಳಮಳ ಏರುತ್ತದೆ. ಎದ್ದು ನಲ್ಲಿಯ ಕಡೆ ಹೋಗಬೇಕೆನಿಸುತ್ತದೆ. ಹೋಗದೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಕೂತರೆ ಅದೇ ತಳಮಳ ತಾನಾಗಿಯೇ ಇಳಿಯುವುದನ್ನು ಆಕೆ ಮೊದಲ ಬಾರಿಗೆ ಕಾಣುತ್ತಾಳೆ. ಮರುದಿನ ಇನ್ನೊಂದು ಮೆಟ್ಟಿಲು: ಬಸ್ಸಿನ ಕಂಬಿ, ಆಮೇಲೆ ಚಪ್ಪಲಿ. ಮನೆಯವರಿಗೂ ಇಲ್ಲಿ ಪಾಠವಿದೆ. ‘ಬೀಗ ಹಾಕಿದೆ ತಾನೆ?’ ಎಂದು ಹತ್ತನೇ ಸಲ ಕೇಳಿದಾಗ ಪ್ರೀತಿಯಿಂದ ಹೂಂ ಎನ್ನುವುದು ಗೀಳಿಗೆ ಅನ್ನ ಹಾಕಿದಂತೆ. ಆ ಉತ್ತರವನ್ನು ತಡೆಹಿಡಿಯಲು ಅವರೂ ಕಲಿಯಬೇಕು.

ಕಾರಣಗಳು

ಚರಕ ಸಂಹಿತೆ ಉನ್ಮಾದವನ್ನು ವಾತ, ಪಿತ್ತ, ಕಫ, ಸನ್ನಿಪಾತ, ಆಗಂತು ಎಂದು ಐದಾಗಿ ವಿಂಗಡಿಸಿತ್ತು. ಒಳಗಿನ ದೋಷ, ಹೊರಗಿನ ಆಘಾತ ಎರಡಕ್ಕೂ ಅಲ್ಲಿ ಜಾಗವಿದೆ. ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ 1977ರಲ್ಲಿ ಮುಂದಿಟ್ಟ, ಇಂದು ಎಲ್ಲೆಡೆ ಒಪ್ಪಿತವಾದ ಮಾದರಿ ದೇಹ, ಮನಸ್ಸು, ಸಮಾಜ ಮೂರನ್ನೂ ಸೇರಿಸಿ ನೋಡುತ್ತದೆ.

ಅನುವಂಶೀಯತೆ ನಿಜ, ಆದರೆ ಎಲ್ಲ ಕಾಯಿಲೆಗಳಲ್ಲಿ ಒಂದೇ ಪ್ರಮಾಣದ್ದಲ್ಲ. ಅವಳಿಗಳ ಅಧ್ಯಯನದ ಪ್ರಕಾರ ಜನರ ನಡುವಿನ ವ್ಯತ್ಯಾಸದಲ್ಲಿ ಅದರ ಪಾಲು ಸ್ಕಿಜೋಫ್ರೇನಿಯಾದಲ್ಲಿ ಶೇ 80ರ ಆಸುಪಾಸು, ಖಿನ್ನತೆಯಲ್ಲಿ ಶೇ 40ಕ್ಕಿಂತ ತುಸು ಕಡಿಮೆ. ಅಪ್ಪನಿಗೆ ಖಿನ್ನತೆ ಇದ್ದರೆ ಮಗನಿಗೆ ಬರುವ ಸಾಧ್ಯತೆ ಅಷ್ಟು ಎಂದು ಇದರ ಅರ್ಥವಲ್ಲ. ಹೆಣ್ಣು ನೋಡಲು ಹೋದಾಗ ‘ಅವರ ಮನೆತನದಲ್ಲಿ ಯಾರಿಗೋ ಇತ್ತಂತೆ’ ಎಂದು ಸಂಬಂಧ ಮುರಿಯುವವರು ಇದನ್ನು ತಿಳಿಯಬೇಕು.

‘ಮೆದುಳಿನಲ್ಲಿ ಸೆರಟೋನಿನ್ ಕಡಿಮೆಯಾಗಿದೆ’ ಎಂಬ ಜನಪ್ರಿಯ ವಿವರಣೆ ತೀರ ಸರಳವಾದದ್ದು. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಸೆರಟೋನಿನ್ ಮೇಲೆ ಅದರ ಪರಿಣಾಮ ಶುರುವಾಗುತ್ತದೆ. ಮನಸ್ಸು ತಿಳಿಯಾಗಲು ಮಾತ್ರ ವಾರಗಳು ಬೇಕು. ನಡುವೆ ನರಕೋಶಗಳ ಜಾಲವೇ ನಿಧಾನವಾಗಿ ಹೊಸದಾಗಿ ಹೊಂದಿಕೊಳ್ಳುತ್ತದೆ ಎಂಬುದು ಈಗಿನ ತಿಳಿವಳಿಕೆ.

ಸಮಾಜದ ಪಾಲನ್ನು ಎತ್ತಿ ತೋರಿಸಿದವರು ಸಂಶೋಧಕರಾದ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್. ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್‌ನ ಮಹಿಳೆಯರ ಮೇಲಿನ ಅವರ ಅಧ್ಯಯನ 1978ರಲ್ಲಿ ಪುಸ್ತಕವಾಯಿತು. ದೊಡ್ಡ ನಷ್ಟ ಎದುರಾದಾಗ ಖಿನ್ನತೆಗೆ ಜಾರಿದವರಲ್ಲಿ ನಾಲ್ಕು ಸಂಗತಿಗಳನ್ನು ಅವರು ಕಂಡರು: ಹನ್ನೊಂದು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡದ್ದು, ಮನೆಯಲ್ಲಿ ಮೂರು ಅಥವಾ ಹೆಚ್ಚು ಸಣ್ಣ ಮಕ್ಕಳು, ಹೊರಗೆ ದುಡಿಮೆ ಇಲ್ಲದಿರುವುದು, ಮನಬಿಚ್ಚಿ ಮಾತಾಡಬಲ್ಲ ಒಂದು ಜೀವವೂ ಹತ್ತಿರ ಇಲ್ಲದಿರುವುದು. ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಸಾಲ, ಬೆಳೆ ನಷ್ಟ, ಗಂಡನ ಹೊಡೆತ, ಜಾತಿಯ ಅವಮಾನ ಇವೆಲ್ಲ ನಮ್ಮ ಕಡೆ ಕಾಯಿಲೆಯನ್ನು ಕೆದಕುವ ಕಾರಣಗಳು. ಇವುಗಳನ್ನು ಮಾತ್ರೆಯೊಂದೇ ಸರಿಪಡಿಸದು.

ಚಿಕಿತ್ಸೆ

ಕ್ಷಯರೋಗಕ್ಕೆಂದು ಕೊಟ್ಟ ಇಪ್ರೊನಿಯಜಿಡ್ 1950ರ ದಶಕದಲ್ಲಿ ರೋಗಿಗಳನ್ನು ಗೆಲುವಾಗಿಸಿದ್ದು, 1957ರಲ್ಲಿ ಸ್ವಿಟ್ಜರ್‌ಲೆಂಡಿನ ರೋಲಾಂಡ್ ಕೂನ್ ಇಮಿಪ್ರಮಿನ್‌ನ ಗುಣವನ್ನು ವರದಿ ಮಾಡಿದ್ದು ಖಿನ್ನತೆಯ ಔಷಧಗಳಿಗೆ ನಾಂದಿ. ಫ್ಲುಆಕ್ಸೆಟಿನ್‌ಗೆ 1987ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಈಗ ಸರ್ಟ್ರಲಿನ್, ಎಸ್ಸಿಟಲೊಪ್ರಾಂ ಹೆಚ್ಚು ಬಳಕೆಯಲ್ಲಿವೆ. ಮೊದಲ ವಾರ ಹೊಟ್ಟೆ ತೊಳೆಸುವುದು, ತುಸು ಚಡಪಡಿಕೆ ಇರಬಹುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಗುಣವಾಯಿತೆಂದು ಮಾತ್ರೆ ಬಿಟ್ಟವರಲ್ಲಿ ಕಾಯಿಲೆ ಮರುಕಳಿಸುವುದರಿಂದ, ಮೊದಲ ಸಲದ ಖಿನ್ನತೆಯಲ್ಲೂ ಚೇತರಿಸಿಕೊಂಡ ಮೇಲೆ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ವೈದ್ಯರ ಮಾತಿನಂತೆ ನಿಧಾನವಾಗಿ ಇಳಿಸುತ್ತಾರೆ. ಇವು ಚಟ ಹತ್ತಿಸುವ ಮಾತ್ರೆಗಳಲ್ಲ. ಚಟ ಹತ್ತಿಸುವುದು ಔಷಧದಂಗಡಿಯಲ್ಲಿ ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಕೊಳ್ಳುವ ಆಲ್ಪ್ರಜೋಲಮ್‌ನಂಥ ನಿದ್ದೆ, ನೆಮ್ಮದಿಯ ಮಾತ್ರೆಗಳು. ಜನ ಎರಡನ್ನೂ ಒಂದೇ ಎಂದುಕೊಂಡು, ಬೇಕಾದದ್ದಕ್ಕೆ ಹೆದರಿ ಬೇಡದ್ದಕ್ಕೆ ಅಂಟಿಕೊಳ್ಳುವುದು ನೋವಿನ ಸಂಗತಿ.

ಮಾತಿನ ಚಿಕಿತ್ಸೆಯ ಪೈಕಿ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ರೂಪಿಸಿದ ವಿಧಾನಕ್ಕೆ ಹೆಚ್ಚು ಪುರಾವೆ ಇದೆ. ‘ನನ್ನಿಂದ ಏನೂ ಆಗುವುದಿಲ್ಲ’ ಎಂಬಂಥ ತಾನಾಗಿ ಹುಟ್ಟುವ ಯೋಚನೆಯನ್ನು ಹಿಡಿದು, ಅದಕ್ಕೆ ಆಧಾರವೇನೆಂದು ರೋಗಿಯೇ ಪರೀಕ್ಷಿಸುವುದನ್ನು ಅದು ಕಲಿಸುತ್ತದೆ. ಇದನ್ನೆಲ್ಲ ಮನೋವೈದ್ಯರೇ ಮಾಡಬೇಕೆಂದಿಲ್ಲ ಎಂಬುದನ್ನು ನಮ್ಮ ನೆರೆಯ ಗೋವಾ ತೋರಿಸಿಕೊಟ್ಟಿದೆ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗತ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟರು. ಹಾಗೆ ತರಬೇತಿ ಪಡೆದವರು ನಡೆಸಿದ ಆರರಿಂದ ಎಂಟು ಭೇಟಿಗಳ ಸಮಾಲೋಚನೆ ತೀವ್ರ ಖಿನ್ನತೆಯಲ್ಲೂ ಫಲ ಕೊಟ್ಟದ್ದು 2017ರಲ್ಲಿ ಪ್ರಕಟವಾಯಿತು.

ಕರ್ನಾಟಕದಲ್ಲಿ

1847ರಷ್ಟು ಹಿಂದಿನ ಬೆಂಗಳೂರಿನ ಹುಚ್ಚಾಸ್ಪತ್ರೆಯೇ ಬೆಳೆದು 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿನ ವೈದ್ಯರು 1970ರ ದಶಕದಲ್ಲಿ ನಗರದ ಹೊರವಲಯದ ಸಕಲವಾರದಲ್ಲಿ ಹಳ್ಳಿಗರ ನಡುವೆ ಕೆಲಸ ಆರಂಭಿಸಿದರು. 1985ರಿಂದ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವ ತರಬೇತಿ ಕೊಟ್ಟು, ಕೆಲವೇ ಬಗೆಯ ಮಾತ್ರೆಗಳನ್ನು ಅಲ್ಲೇ ಸಿಗುವಂತೆ ಮಾಡಿದರು. ಆ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ‘ಮನೋಚೈತನ್ಯ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯಕೀಯ ಕ್ಲಿನಿಕ್‌ಗಳು ಶುರುವಾದವು. ಕನ್ನಡದಲ್ಲಿ ಈ ವಿಷಯ ಬರೆದವರ ಸಾಲೂ ದೊಡ್ಡದು. ‘ಕೊರವಂಜಿ’ ಹಾಸ್ಯಪತ್ರಿಕೆಯ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಹಳ್ಳಿಯ ಗ್ರಂಥಾಲಯಗಳವರೆಗೂ ತಲುಪಿವೆ.

2018ರ ಮೇ 29ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕಾಗಿಸಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಶಿಕ್ಷಿಸದೆ ಆರೈಕೆ ಮಾಡಬೇಕೆಂದು ಹೇಳಿತು. ದೇಹದ ಕಾಯಿಲೆಗಳಿಗೆ ಇರುವಂತೆಯೇ ಮನಸ್ಸಿನ ಕಾಯಿಲೆಗಳಿಗೂ ಆರೋಗ್ಯ ವಿಮೆ ಕೊಡುವಂತೆ ಕಂಪನಿಗಳಿಗೆ ವಿಧಿಸಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಿ ಪಡೆದ ಸಮಾಲೋಚಕರು ಕೇಳಿಸಿಕೊಳ್ಳುತ್ತಾರೆ, ಅಗತ್ಯವಿದ್ದರೆ ಮನೋವೈದ್ಯರಿಗೆ ಸಂಪರ್ಕ ಕೊಡುತ್ತಾರೆ. ಸಾಯುವ ಯೋಚನೆ ಬರುತ್ತಿರುವವರು, ಅಂಥವರ ಜೊತೆ ಮನೆಯಲ್ಲಿರುವವರು ಇಬ್ಬರೂ ಕರೆ ಮಾಡಬಹುದು.